ಎರಡನೇ ಚೀಲ

"ನಿಮ್ಮ ಹೆಸರು, ಹುಟ್ಟಿದ ತಾರೀಕು. ನೀವೇ ಬಾಯಿಬಿಟ್ಟು ಹೇಳ್ಬೇಕು."

"ಹೇಳದಿದ್ರೆ?"

"ಚೀಲ ವಾಪಸ್ ತಗೊಂಡು ಹೋಗ್ತೀನಿ!"

ಮಂಚದ ಮೇಲಿದ್ದವನು ನಕ್ಕ. ತಲೆಯಲ್ಲಿ ಒಂದು ಕೂದಲಿಲ್ಲ, ತುಟಿಯೆಲ್ಲ ಒಡೆದಿದೆ, ಆದರೂ ನಗು! ಚೀಲ ತಂದವಳಿಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಪುಟ್ಟ ಚೀಲದೊಳಗಿನ ಹೆಪ್ಪು ಆಗಷ್ಟೇ ಬೆಚ್ಚನೆಯ ನೀರಿನಲ್ಲಿ ಕರಗಿತ್ತು. ತಡವಾದಷ್ಟೂ ಒಳಗಿನ ಕೋಶಗಳು ಸಾಯುತ್ತವೆ.

"ರೀ, ಇದು ತಮಾಷೆ ಮಾಡೋ ಹೊತ್ತಲ್ಲ. ಇದರಲ್ಲಿರೋದು ನಿಮ್ಮ ಪ್ರಾಣ!"

ಅವನು ತೆಪ್ಪಗೆ ಹೆಸರು ಹೇಳಿದ. ತಾರೀಕು ಹೇಳಿದ. ಯಾರೂ ಕೇಳದಿದ್ದರೂ ಕೆಲಸವನ್ನೂ ಹೇಳಿದ. "ಲಿಫ್ಟ್ ಮೆಕ್ಯಾನಿಕ್. ಏಳುಬೀಳು ನಮಗೆ ಹೊಸದಲ್ಲ ಮೇಡಂ."

ಅವಳು ನಗಲಿಲ್ಲ. ನಗು ಬಂದೀತೆಂದು ತುಟಿ ಕಚ್ಚಿಕೊಂಡಳು, ಅಷ್ಟೇ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ಕೆಲಸ. ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ರೋಗಿಯ ಮೈಯಿಂದ ತೆಗೆದ ಮೇಲೆ, ನಿಮಿಷಕ್ಕೊಂದು ಡಿಗ್ರಿಯಂತೆ ನಿಧಾನವಾಗಿ ಹೆಪ್ಪುಗಟ್ಟಿಸಿ, ದ್ರವ ಸಾರಜನಕದ ಟ್ಯಾಂಕಿನಲ್ಲಿ ಕಾಯುವುದು. ಆಮೇಲೆ ರೋಗಿಗೆ ಕೊಡುವ ಉಗ್ರ ಔಷಧಿ ಕಾಯಿಲೆಯ ಜೊತೆಗೆ ಮೂಳೆಯೊಳಗಿನ ರಕ್ತದ ಬೇರನ್ನೂ ಸುಟ್ಟುಬಿಡುತ್ತದೆ. ಆಗ ಇವಳು ಕಾದಿಟ್ಟದ್ದೇ ಗತಿ. ವಾರ್ಡಿನವರೆಲ್ಲ ಅವಳನ್ನು ಟ್ಯಾಂಕ್ ಮೇಡಂ ಎಂದೇ ಕರೆಯುತ್ತಿದ್ದರು. ಮನುಷ್ಯರಿಗಿಂತ ಟ್ಯಾಂಕುಗಳ ಜೊತೆಗೇ ಅವಳ ಮಾತು ಹೆಚ್ಚು ಎಂದು ನಗುತ್ತಿದ್ದರು. ಸುಳ್ಳೇನಲ್ಲ.

ಲಿಫ್ಟ್ ಮೆಕ್ಯಾನಿಕ್‌ನ ರಕ್ತದಿಂದ ಎರಡು ಚೀಲ ತೆಗೆದಿಟ್ಟಿದ್ದರು. ಒಂದು ಈಗ ಹನಿಹನಿಯಾಗಿ ಅವನೊಳಗೆ ಇಳಿಯುತ್ತಿತ್ತು.

"ಎರಡನೇದು?"

"ನನ್ನ ಹತ್ರ ಇರುತ್ತೆ. ಕಾಯಿಲೆ ಮತ್ತೆ ಬಂದ್ರೆ ಬೇಕಾಗುತ್ತೆ ಅಂತ."

"ಎಷ್ಟು ದಿನ ಇಟ್ಕೋತೀರಿ?"

"ನೀವು ಬೇಡ ಅನ್ನೋವರೆಗೂ."

ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಆದರೂ ಮರುದಿನ ಡ್ಯೂಟಿ ಮುಗಿದ ಮೇಲೆ ಕಾಲು ತಾನಾಗಿ ವಾರ್ಡಿನ ಕಡೆ ನಡೆಯಿತು. ಸೋಂಕು ತಗಲದಂತೆ ಅವನನ್ನು ಗಾಜಿನಾಚೆ ಇಟ್ಟಿದ್ದರು. ಈಚೆ ಒಂದು ಫೋನು, ಆಚೆ ಒಂದು ಫೋನು.

"ನಿಮ್ಮ ಎರಡನೇ ಚೀಲ ಕ್ಷೇಮವಾಗಿದೆ."

"ಊಟ ಮಾಡ್ತಾ?"

ಅಂದು ಅವಳು ನಕ್ಕೇಬಿಟ್ಟಳು. ಎಷ್ಟು ದಿನವಾಗಿತ್ತೋ!

ಇಪ್ಪತ್ತೆರಡು ದಿನ ಹೀಗೇ ನಡೆಯಿತು. ಅವನನ್ನು ನೋಡಲು ಒಬ್ಬ ಚಿಕ್ಕಮ್ಮ ಬಿಟ್ಟರೆ ನರಪಿಳ್ಳೆಯೂ ಬರಲಿಲ್ಲ. ಅವಳಿಗೂ ಬಾಡಿಗೆ ಕೋಣೆಯಲ್ಲಿ ಸದ್ದಿಗಾಗಿ ಹಚ್ಚಿಡುವ ಟಿವಿ, ದೂರದಿಂದ ಭಾನುವಾರ ಫೋನು ಮಾಡುವ ಅಕ್ಕ, ಇಷ್ಟೇ. ಇಬ್ಬರೂ ಒಂಟಿಗಳು. ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತು ಮಾತಾಡುತ್ತಿದ್ದರು.

ಒಮ್ಮೆ ಅವನು ಕೇಳಿದ. "ನೀವು ಈ ಕೆಲಸ ಬಿಟ್ಟು ಹೋದ್ರೆ ನನ್ನ ಚೀಲಾನ ಯಾರು ನೋಡ್ಕೋತಾರೆ?"

"ನಿಮ್ಮ ಚೀಲ ಇರೋವರೆಗೂ ನಾನೆಲ್ಲೂ ಹೋಗಲ್ಲ. ಸಾಕಾ?"

ಬಾಯಿಗೆ ಬಂದದ್ದನ್ನು ಆಡಿದ್ದಳು. ಯಾಕೋ ಅವನು ನಗಲಿಲ್ಲ.

ಅವನ ರಕ್ತ ಚಿಗುರಿತು, ಮನೆಗೆ ಹೋದ. ಭಾನುವಾರ ಅಕ್ಕನ ಫೋನಿನ ಬೆನ್ನಿಗೇ ಅವನ ಫೋನು ಬರುತ್ತಿತ್ತು. ಎಂಟು ತಿಂಗಳು ಒಂದು ವಾರವೂ ತಪ್ಪಲಿಲ್ಲ. ಒಂಬತ್ತನೇ ತಿಂಗಳು ಇದ್ದಕ್ಕಿದ್ದಂತೆ ನಿಂತುಹೋಯಿತು. ಅವಳೇ ಮಾಡಿದರೆ ಎತ್ತಲೂ ಇಲ್ಲ.

'ಹುಷಾರಾದ. ಇನ್ನು ನಾನ್ಯಾಕೆ ಬೇಕು?' ಎಂದುಕೊಂಡಳು. ಮರುಕ್ಷಣವೇ, 'ಅಯ್ಯೋ, ಹುಷಾರಾಗಿಯೇ ಇದ್ದಾನೆ ತಾನೆ?' ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

"ಯಾಕೇ, ದನಿ ಹಿಂಗಿದೆ?" ಅಕ್ಕ ಕೇಳಿದಳು.

"ನೆಗಡಿ ಅಕ್ಕ."

"ಮೂರು ತಿಂಗಳಿಂದಾನಾ?"

ಅವಳು ಟಿವಿಯ ಸದ್ದು ಜೋರು ಮಾಡಿದಳು.

ವರ್ಷ ತುಂಬಿದಾಗ ನಿಯಮದಂತೆ ಅವನಿಗೊಂದು ಫಾರಂ ಹೋಯಿತು. ಚೀಲ ಇಡಬೇಕೋ ಬೇಡವೋ? ಹತ್ತು ದಿನಕ್ಕೆ ಅಂಚೆಯಲ್ಲಿ ವಾಪಸ್ ಬಂತು. 'ನಾಶಪಡಿಸಬಹುದು' ಎಂಬಲ್ಲಿ ಟಿಕ್. ಕೆಳಗೆ ಅವನ ಸಹಿ.

ಅವಳು ಟ್ಯಾಂಕಿನ ಪಕ್ಕದಲ್ಲಿ ಕುಸಿದು ಕೂತಳು. ಹೆಪ್ಪುಗಟ್ಟಿಸಿದವಳೂ ಅವಳೇ, ಈಗ ತೆಗೆದು ಎಸೆಯಬೇಕಾದವಳೂ ಅವಳೇ. ಮತ್ತೆ ಕಾಯಿಲೆ ಬಂದರೆ ಅವನಿಗಿರುವ ದಾರಿ ಅದೊಂದೇ. ನನ್ನ ಮುಖ ನೋಡುವುದಕ್ಕಿಂತ ಸಾಯುವುದೇ ಮೇಲು ಅನ್ನಿಸಿತೇ ಇವನಿಗೆ?

"ಸಾಕ್ಷಿ ಸಹಿ ಇಲ್ವಲ್ಲ ಇದರಲ್ಲಿ," ಅವಳ ಮೇಲಿನ ಡಾಕ್ಟರಮ್ಮ ಫಾರಂ ತಿರುಗಿಸಿ ನೋಡಿದರು. "ಹೊಸ ಫಾರಂ ತಗೊಂಡು ನೀನೇ ಹೋಗು. ಎದುರಿಗೆ ಕೂತು ಕೇಳು. ಇದೇನು ಹಳೇ ಪೇಪರ್ ಎಸೆದ ಹಾಗಾ?"

ಅವನ ಕಂಪನಿಗೆ ಫೋನು ಮಾಡಿದರೆ ಒಂದು ಎಂಟು ಮಹಡಿಯ ಕಟ್ಟಡದ ವಿಳಾಸ ಕೊಟ್ಟರು. ಹೋಗಿ ನೋಡಿದರೆ ಲಿಫ್ಟಿನ ಬಾಗಿಲಿಗೆ ಬೋರ್ಡು, 'ರಿಪೇರಿಯಲ್ಲಿದೆ'. ರಿಪೇರಿ ಮಾಡುವ ಮಹಾಶಯ ತುತ್ತತುದಿಯ ಮೋಟಾರು ಕೋಣೆಯಲ್ಲಿ! ಮಹಡಿಗೊಂದು ಬೈಗುಳದಂತೆ ಎಂಟು ಮಹಡಿ ಹತ್ತಿದಳು.

"ಮೇಡಂ! ನೀವಿಲ್ಲಿ?" ಅವನ ಕೈಯೆಲ್ಲ ಗ್ರೀಸು. ತಲೆತುಂಬ ಕೂದಲು ಬಂದಿತ್ತು.

"ಮಾತಾಡ್ಬೇಡ! ಉಸಿರು... ಬರ್ಲಿ..." ಅವನ ಟೂಲ್ ಬಾಕ್ಸಿನ ಮೇಲೆ ಕೂತಳು. "ಮೊದ್ಲು ಹೇಳು. ಕಾಯಿಲೆ ವಾಪಸ್ ಬಂತಾ?"

"ಇಲ್ಲ. ಹೋದ ವಾರಾನೂ ಟೆಸ್ಟ್ ಆಯ್ತು. ಚೆನ್ನಾಗಿದೀನಿ."

ಹೋದ ಜೀವ ಬಂದಂತಾಯಿತು. ಜೊತೆಗೇ ಸಿಟ್ಟೂ ಬಂತು.

"ಮತ್ಯಾಕೆ ಎಸೀರಿ ಅಂತ ಬರೆದೆ? ಅದೂ ನನ್ನ ಕೈಯಿಂದ!"

ಅವನು ಬಟ್ಟೆಯಿಂದ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ವಾರ್ಡಿನ ಸಿಸ್ಟರ್ ಹೇಳಿದ್ರು. ನಿಮಗೆ ದೊಡ್ಡ ಆಸ್ಪತ್ರೇಲಿ ದೊಡ್ಡ ಕೆಲಸ ಸಿಕ್ಕಿತ್ತಂತೆ. ಬೇಡ ಅಂದ್ರಂತೆ. ಚೀಲ ಇರೋವರೆಗೂ ಹೋಗಲ್ಲ ಅಂದಿದ್ರಲ್ಲ... ನಾಳೆ ಹೇಗೋ ಗೊತ್ತಿಲ್ಲದ ಜೀವ ನನ್ನದು. ನನ್ನಿಂದ ನಿಮ್ಮ ಬಾಳು ಆ ನೆಲಮಾಳಿಗೇಲಿ ಕಳೆದುಹೋಗ್ಬಾರ್ದು."

ಅವಳು ಬಿಟ್ಟಕಣ್ಣು ಬಿಟ್ಟಂತೆ ನೋಡಿದಳು.

"ಅಯ್ಯೋ ಪೆದ್ದೇ! ಅಲ್ಲಿ ದಿನವಿಡೀ ಮೀಟಿಂಗು. ಟ್ಯಾಂಕ್ ಮುಟ್ಟೋ ಹಾಗೇ ಇಲ್ಲ. ಅದಕ್ಕೇ ಬೇಡ ಅಂದೆ. ನಿನಗೋಸ್ಕರ ಅಲ್ಲ!"

"ಓ..." ಅವನ ಮುಖ ಇಳಿದುಹೋಯಿತು. ಪಾಪ, ಅಷ್ಟು ದೊಡ್ಡ ತ್ಯಾಗ ಹೀಗೆ ನೀರುಪಾಲಾದರೆ ಯಾರಿಗೆ ತಾನೆ ಬೇಸರವಾಗದು!

"ಸ್ವಲ್ಪ ನಿನಗೋಸ್ಕರಾನೂ ಇತ್ತು," ಅವಳು ನೆಲ ನೋಡುತ್ತ ಹೇಳಿದಳು. "ಸ್ವಲ್ಪ ಏನು... ಜಾಸ್ತೀನೇ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಹೇಳಿದ, "ಭಯ ಆಗುತ್ತೆ. ಚೂರು ಜ್ವರ ಬಂದ್ರೂ, ಬಂತು ಅನ್ಸುತ್ತೆ. ಆ ಚೀಲ ಇದ್ರೆ ಕಾಯಿಲೆಗೆ ಜಾಗ ಹಿಡಿದಿಟ್ಟ ಹಾಗೆ..."

"ನನಗೂ ಭಯಾನೇ. ಒಬ್ಬೊಬ್ರೇ ಕೂತು ಹೆದರೋದಕ್ಕಿಂತ ಇಬ್ರೂ ಸೇರಿ ಹೆದರೋಣ, ಆಗಲ್ವಾ?"

ಅವನು ಕೈ ಚಾಚಿದ. ಹೊಸ ಫಾರಂ ತೆಗೆದುಕೊಂಡು 'ಇಡಬೇಕು' ಎಂಬಲ್ಲಿ ಟಿಕ್ ಹಾಕಿ ಸಹಿ ಮಾಡಿದ. ಕಾಗದದ ಮೂಲೆಗೆ ಗ್ರೀಸು ಮೆತ್ತಿತು.

"ಇಲ್ಲಿ ಸಾಕ್ಷಿ ಅಂತಿದೆ. ನೀವೇ ಹಾಕ್ಬಿಡಿ."

ಅವಳು ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ಮುಚ್ಚಳ ಹಾಕಿಬಿಟ್ಟಳು.

"ನಾನು ಹಾಕೋ ಹಾಗಿಲ್ಲ."

"ಯಾಕೆ? ಅದಕ್ಕೇ ತಾನೆ ಬಂದಿದ್ದು?"

"ಕೆಳಗಡೆ ಓದು. ರೋಗಿಯ ಮನೆಯವರು ಸಾಕ್ಷಿ ಹಾಕ್ಬಾರ್ದು."

"ನೀವು ನಮ್ಮನೆಯವರಲ್ವಲ್ಲ?"

"ಅಲ್ಲ..." ಅವಳು ಪೆನ್ನನ್ನು ಅವನ ಕೈಗೆ ಕೊಟ್ಟಳು. "ಆದ್ರೆ ಈಗ ಸಹಿ ಹಾಕಿದ್ರೆ, ಅಲ್ಲ ಅಂತ ನಾನೇ ಬರೆದುಕೊಟ್ಟ ಹಾಗಾಗುತ್ತೆ. ಅದು ನನಗೆ ಬೇಡ."

ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅವಳ ಕಾಲ ಬಳಿ ನೆಲದ ಮೇಲೆಯೇ ಕೂತು, ಗ್ರೀಸಿನ ಕೈಯಲ್ಲೇ ಅವಳ ಕೈ ಹಿಡಿದುಕೊಂಡ. ಆ ಚೀಲ ಕೊಟ್ಟ ದಿನದ ನಂತರ ಅವರ ನಡುವೆ ಗಾಜಾಗಲಿ ಫೋನಾಗಲಿ ಇಲ್ಲದೆ ಮಾತಾಡುತ್ತಿದ್ದುದು ಇದೇ ಮೊದಲು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಕೆಳಗೆ ವಾಚ್‌ಮನ್ ಇದಾನೆ," ಕಣ್ಣೊರೆಸಿಕೊಂಡು ಹೇಳಿದ. "ಅವನ ಸಹಿ ನಡೆಯುತ್ತಾ?"

"ನಡೆಯುತ್ತೆ. ಆದ್ರೆ ಆ ಮೆಟ್ಟಿಲು ಮತ್ತೆ ನನ್ನಿಂದಾಗಲ್ಲ!"

"ಹಾಗಾದ್ರೆ ಇಲ್ಲೇ ಕೂತ್ಕೋ. ಲಿಫ್ಟ್ ಸರಿ ಮಾಡ್ತೀನಿ. ಅರ್ಧ ಗಂಟೆ ಆಗ್ಬಹುದು."

ಅವಳು ಅವನ ಕೈ ಬಿಡಲಿಲ್ಲ.

"ಅವಸರ ಏನಿಲ್ಲ. ನಿಧಾನವಾಗೇ ಮಾಡು."