ಗಾಜು ಹೆಚ್ಚಾಗಿದೆ

ಬನಹಟ್ಟಿಯ ನೇಕಾರರ ಸಂಘದ ಆಫೀಸಿಗೆ ಗಾಜಿನ ಬಾಗಿಲು ಬಂದದ್ದು ಮುಂಬಯಿ ರಾಜ್ಯದ ಕಾಲದಲ್ಲಿ. ಅಲ್ಲಿಯತನಕ ಕೃಷ್ಣೆಯಿಂದ ಘಟಪ್ರಭೆಯವರೆಗೆ ಮುಚ್ಚಿದ ಬಾಗಿಲಿನಾಚೆ ಏನಿದೆಯೆಂದು ಕಂಡ ಮನುಷ್ಯನೇ ಇರಲಿಲ್ಲ. ಅದು ಬಂದದ್ದು ಕಸ್ತೂರೆವ್ವನ ಹಟದಿಂದ. ಆ ಹಟ ಎಂಥದೆಂದರೆ, ಅವಳು ಹುಬ್ಬು ಗಂಟಿಕ್ಕಿದರೆ ಬೀಳಗಿಯ ಬಸ್ಸೂ ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತಿತ್ತು.

ಸಂಘದ ಕಾಗದಗಳನ್ನು ಟೈಪು ಮಾಡುವ ಕೆಲಸ ಅವಳದು. ಅವಳು ಕೂರುವ ಒಳಕೋಣೆಯ ಬಾಗಿಲು ತೆರೆದಿಟ್ಟರೆ ಸಾವಿರ ಮಗ್ಗದ ಸದ್ದು, ಮೋಡದಷ್ಟು ಅರಳೆ ಒಳಗೆ. ಮುಚ್ಚಿದರೆ, ಅಲ್ಲೇ ಕೂರುವ ಚೇರಮನ್ ಶಿದ್ರಾಮಪ್ಪನವರ ಜೊತೆ ಹೆಣ್ಣುಮಗಳೊಬ್ಬಳು ಬಾಗಿಲು ಹಾಕಿಕೊಂಡು ಕೂತಿದ್ದಾಳೆ ಎಂದು ಊರೆಲ್ಲ ಗುಸುಗುಸು. ಕೊನೆಗೆ ಅವಳನ್ನು ಕೆಲಸದಿಂದ ಬಿಡಿಸುವ ಮಾತೇ ಬಂತು.

"ಗಾಜಿನ ಬಾಗಲಾ ಹಾಕಸ್ರಿ," ಎಂದಳು. "ಮುಚ್ಚಿದ್ಹಂಗೂ ಆತು, ಕಂಡ್ಹಂಗೂ ಆತು."

ಶಿದ್ರಾಮಪ್ಪನವರು ಗಡುವು ಕೊಟ್ಟರು. ಸೋಮವಾರದ ಕಮಿಟಿ ಸಭೆಯೊಳಗೆ ಬಾಗಿಲು ನಿಂತರೆ ಅವಳೂ ನಿಲ್ಲಬಹುದು; ಇಲ್ಲದಿದ್ದರೆ ಮನೆಗೆ ನಡೆಯಬೇಕು.

ಅಳತೆಗೆ ಬಂದವನು ಕಟ್ಟಿಗೆ ಅಡ್ಡೆಯ ಶಿವಯೋಗೆಪ್ಪ. ಏಳು ಸಲ ಅಳೆದ, ಏಳು ಸಲವೂ ಬೇರೆ ಬೇರೆ ಅಳತೆ ಬಂತು. ಬಾರದೆ ಏನು? ಕೈಯಲ್ಲಿದ್ದ ಗಜಕಡ್ಡಿ ಚೌಕಟ್ಟಿನ ಮೇಲೆ, ಕಣ್ಣು ಮಾತ್ರ ಕಸ್ತೂರೆವ್ವನ ಜಡೆಯ ಮೇಲೆ. ಏಳನೆಯ ಸಲ ಗಜಕಡ್ಡಿ ಅವಳ ಮುಂಗೈಗೆ ತಗುಲಿ ಎರಡು ಬಳೆ ಚೂರಾದವು.

"ಅಯ್ಯ, ಒಡದ್ವಲ್ರಿ," ಎಂದ.

"ಬಳಿಗೆ ಒಡದ್ವು ಅನಬಾರದ್ರಿ, ಹೆಚ್ಚಾದ್ವು ಅನಬೇಕು. ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು?"

"ಅವ್ವ ಅದಾಳ್ರಿ. ಇನ್ನೊಬ್ಬಾಕಿ ಬರಬೇಕಾಗೇತಿ."

ಅವಳು ಸಿಟ್ಟಿನಿಂದ ಟೈಪ್‌ರೈಟರಿನತ್ತ ತಿರುಗಿದಳು. ಆ ದಿನ ಮುಂಬಯಿಗೆ ಹೋದ ಕಾಗದದಲ್ಲಿ ನಲವತ್ತು ತಪ್ಪುಗಳಿದ್ದವು.

ಶಿವಯೋಗೆಪ್ಪ ಗಾಜು ತರಲು ಮಿರಜಿಗೆ ಹೋದ. ಶುಕ್ರವಾರ ಬಸ್ಸಿನ ಕಂಡಕ್ಟರ್ ತೇರದಾಳದಿಂದ ಅವನ ಚೀಟಿ ತಂದುಕೊಟ್ಟ: 'ಗಾಜು ಹೆಚ್ಚಾಗಿದೆ. ಸೋಮವಾರ ಬರುತ್ತೇನೆ.'

ಶಿದ್ರಾಮಪ್ಪನವರು ಹಿಗ್ಗಿ ಹೀರೇಕಾಯಿಯಾದರು. ಹೆಚ್ಚಾದ ಗಾಜಿನಲ್ಲಿ ಕಿಟಕಿಗೆ ಇಷ್ಟು, ಕಪಾಟಿಗೆ ಇಷ್ಟು, ತಮ್ಮ ಮನೆಯ ದೇವರ ಮಾಡಕ್ಕೆ ಇಷ್ಟು ಎಂದು ಆಗಲೇ ಹಂಚಿಬಿಟ್ಟರು. ಕಸ್ತೂರೆವ್ವನಿಗೆ ಮಾತ್ರ ಗೊತ್ತು, ಗಾಜು ಚೂರಾಗಿದೆ ಎಂದು. ಆದರೆ ಗಾಜು ಕಳೆದುಕೊಂಡ ಹೊತ್ತಿನಲ್ಲೂ ಆ ಮನುಷ್ಯ ಅವಳು ಕಲಿಸಿದ ಮಾತನ್ನು ನೆನಪಿಟ್ಟು ಬರೆದಿದ್ದನಲ್ಲ? ಚೀಟಿಯನ್ನು ಮಡಚಿ ಟೈಪ್‌ರೈಟರಿನ ಕೆಳಗಿಟ್ಟಳು. ಯಾರಿಗೂ ಬಾಯಿ ಬಿಡಲಿಲ್ಲ.

ಬಿಡದಿದ್ದದ್ದಷ್ಟೇ ಅಲ್ಲ, ಶನಿವಾರ ಹಳೆಯ ಕಟ್ಟಿಗೆಯ ಬಾಗಿಲನ್ನೂ ಕೀಳಿಸಿದಳು. ಬರುವ ಬಾಗಿಲಿಗೆ ಜಾಗ ಬೇಕಲ್ಲ ಎಂದಳು. ಇಡೀ ದಿನ ತಲೆಯ ಮೇಲೆ ಅರಳೆ ಕೂತು ಕೂತು, ಸಂಜೆ ಮನೆಗೆ ಹೋದಾಗ ಹೆತ್ತ ತಾಯಿ ಗುರುಬಸವ್ವನೇ ಯಾವೂರ ಮುದುಕಿ ಎಂದು ಕೇಳಿದಳಂತೆ.

ಸೋಮವಾರ ಕಮಿಟಿಯವರು ಮೆಟ್ಟು ಬಿಟ್ಟು ಒಬ್ಬೊಬ್ಬರಾಗಿ ಬಂದು ಕೂತರು. ಶಿದ್ರಾಮಪ್ಪನವರು ಗಡಿಯಾರ ನೋಡಿದರು, ಬೋಳು ಚೌಕಟ್ಟು ನೋಡಿದರು, ಕೊನೆಗೆ ಅವಳನ್ನು ನೋಡಿದರು. ಅವಳು ಕುರ್ಚಿ ಬಿಟ್ಟು ಅಲುಗಲಿಲ್ಲ. ಬರುತ್ತೇನೆ ಎಂದು ಬರೆದವನು ಬರುತ್ತಾನೆ ಎಂದಷ್ಟೇ ಹೇಳಿದಳು.

ಬಂದ. ಕುಡಚಿ ಸ್ಟೇಶನ್ನಿನಿಂದ ಬನಹಟ್ಟಿಯವರೆಗೆ, ಮತ್ತೆ ಮಿರಜಿಗೆ ಹೋಗಿ ತಂದ, ಅವ್ವನ ಕೌದಿ ಸುತ್ತಿದ ಹೊಸ ಗಾಜನ್ನು ತಬ್ಬಿಕೊಂಡು ಗಾಡಿಯಲ್ಲಿ ನಿಂತೇ ಬಂದಿದ್ದ. ಒಮ್ಮೆಯೂ ಕೂತಿರಲಿಲ್ಲ, ಸೀನಿರಲಿಲ್ಲ ಕೂಡ. ಸಭೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಾಗಿಲು ನಿಂತಿತು. ಎಷ್ಟು ಸ್ವಚ್ಛವೆಂದರೆ, ಕಮಿಟಿಯ ಹಿರಿಯರೊಬ್ಬರು ಬಾಗಿಲೇ ಇಲ್ಲವೆಂದುಕೊಂಡು ನೇರ ನಡೆದು ಹಣೆ ಬಡಿಸಿಕೊಂಡರು. ತಲೆಗೆ ಸುತ್ತಿದ ರುಮಾಲು ಅವರನ್ನು ಉಳಿಸಿತು. ಕಸ್ತೂರೆವ್ವನ ಕೆಲಸವೂ ಉಳಿಯಿತು.

"ಹೆಚ್ಚಾದ ಗಾಜು ಎಲ್ಲೈತೋ ತಮ್ಮಾ?" ಎಂದರು ಶಿದ್ರಾಮಪ್ಪನವರು.

"ಗಾಡಿ ಉರುಳಿ ತೇರದಾಳ ಹಳ್ಳದಾಗ ಬಿದ್ದೈತ್ರಿ."

ಅಂದಿನಿಂದ ಹದಿನೈದು ದಿನ ಶಿವಯೋಗೆಪ್ಪ ಬಾಗಿಲಿನ ತಿರುಗಣಿ ನೋಡುವ ನೆಪದಲ್ಲಿ ಬಂದ. ಹೊರಗೆ ನಿಂತು ಗಾಜು ಒರೆಸುತ್ತಿದ್ದ. ಒರೆಸಿ ಒರೆಸಿ ಗಾಜು ಅರ್ಧ ಸವೆಯಿತು. ಒಳಗಿನಿಂದ ಅವಳು ನೋಡುವಳು, ಅವನು ನೋಡಿದೊಡನೆ ಕಾಗದದತ್ತ ಬಾಗುವಳು. ಅವನು ತುಟಿ ಆಡಿಸುತ್ತಿದ್ದ. ಗಾಜಿನಾಚೆ ಒಂದಕ್ಷರವೂ ಕೇಳುತ್ತಿರಲಿಲ್ಲ. ಹದಿನಾರನೆಯ ದಿನ ಅವನ ಕೈಯಲ್ಲೊಂದು ಕಾಗದದ ಪೊಟ್ಟಣವಿತ್ತು. ಅವಳೇ ಎದ್ದು ಬಾಗಿಲು ತೆರೆದಳು.

"ಹಿಂಗ ತುಟಿ ಆಡಿಸಿದ್ರ ಲಗ್ನ ಆಗೂದಿಲ್ರಿ. ಬಾಯಿ ಬಿಟ್ಟು ಹೇಳ್ರಿ."

ಹೇಳಿದ. ಇಡೀ ಆಫೀಸು ಕೇಳುವಂತೆ ಹೇಳಿದ. ಅವಳ ಅಪ್ಪನ ಹತ್ತಿರ ಇವತ್ತೇ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿ ಪೊಟ್ಟಣ ಬಿಚ್ಚಿದ. ಎರಡು ಡಜನ್ ಹಸಿರು ಬಳೆ.

ಅವಳು ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. "ಇವು ಹೆಚ್ಚಾದ್ರ?"

"ಮತ್ತ ಮಿರಜಿಗೆ ಹೊಕ್ಕೇನ್ರಿ."

ಕಸ್ತೂರೆವ್ವ ಪೊಟ್ಟಣ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲ ಹಿಂದೆ, ಊರೆಲ್ಲ ನೋಡುತ್ತಿರುವಾಗಲೇ, ಒಂದೊಂದಾಗಿ ಬಳೆ ತೊಟ್ಟುಕೊಂಡಳು.