ಮಿನ್ಹಾಳ ಉಪ್ಪ ಕುರ್ಚಿಯಿಂದ ಬಿದ್ದದ್ದು

"ಕಾಮಿಡಿ ಅಂತೆ ಕಾಮಿಡಿ! ಒಂದು ಸಲಾನಾದ್ರೂ ನಗು ಬರ್ಬೇಕಲ್ವಾ?"

ಅಭಿನಂದ್ ಪೆನ್ಸಿಲ್ ಬಾಕ್ಸನ್ನು ಮೈಕಿನಂತೆ ಹಿಡಿದು ಹೃದ್ಯಾಳ ದನಿಯಲ್ಲೇ ಅಣಕಿಸಿದ. ಊಟಕ್ಕೆ ಕೂತಿದ್ದ ಐದನೇ ಕ್ಲಾಸೆಲ್ಲ ಹೋ ಎಂದು ನಕ್ಕಿತು. ಹೃದ್ಯಾಳ ಕಾಲು ನೆಲದ ಮೇಲಿರಲಿಲ್ಲ. ಇಡೀ ಕೋಳಿಕ್ಕೋಡು ಪಟ್ಟಣವೇ ತನ್ನ ವಿಡಿಯೋ ನೋಡಿದೆ ಅನ್ನುವಷ್ಟು ಜಂಬ!

ಹೃದ್ಯಾ ಮತ್ತು ಅವಳ ಅಜ್ಜ ಇಬ್ಬರೂ ಸಿನಿಮಾ ಹುಚ್ಚರು. ಅಜ್ಜನನ್ನು ಅವಳು ಕರೆಯುವುದು ಅಚ್ಚಾಚ ಅಂತ. ಅಳಿಸುವ ಸಿನಿಮಾ ಆದರೂ ಸೈ, ನಗಿಸುವುದಾದರೂ ಸೈ, ಅವರು ಬಿಡುವವರಲ್ಲ. ಆದರೆ ಸಿನಿಮಾ ಮುಗಿದ ಮೇಲೆ ಟೀ ಅಂಗಡಿ ತಲುಪುವವರೆಗೆ ಯಾರೂ ತುಟಿ ಬಿಚ್ಚಬಾರದು. ಅದು ಅಚ್ಚಾಚನ ಕಾನೂನು. ಟೀ ಬಂದ ಮೇಲೆ ಚರ್ಚೆ, ಕೆಲವೊಮ್ಮೆ ಜಗಳ.

ಕಳೆದ ಶುಕ್ರವಾರ ಹಾಗಾಗಲಿಲ್ಲ. ಹೊಸ ಸಿನಿಮಾ ನೋಡಿ ಹೊರಗೆ ಬಂದರೆ ಥಿಯೇಟರ್ ಬಾಗಿಲಲ್ಲೇ ಯೂಟ್ಯೂಬಿನವರು ಕಾಯುತ್ತಿದ್ದರು. "ಹೇಗಿತ್ತು ಪುಟ್ಟಿ ಸಿನಿಮಾ?" ಎಂದು ಅವಳ ಮೂಗಿಗೇ ಮೈಕು ಹಿಡಿದರು. ಹೃದ್ಯಾ ಕಾನೂನು ಮರೆತು ಬಾಯಿಗೆ ಬಂದದ್ದನ್ನು ಹೇಳಿದಳು. ಆ ವಿಡಿಯೋ ಊರೆಲ್ಲ ಹರಿದಾಡಿತು.

ಈಗ ಕ್ಲಾಸಿನಲ್ಲಿ ಎಲ್ಲರೂ ನಗುತ್ತಿದ್ದರು, ಅವಳ ಪಕ್ಕದಲ್ಲೇ ಕೂರುವ ಮಿನ್ಹಾ ಒಬ್ಬಳನ್ನು ಬಿಟ್ಟು. ಅವಳು ಊಟದ ಡಬ್ಬಿಯನ್ನು ಟಪ್ಪೆಂದು ಮುಚ್ಚಿದಳು.

"ಏನಾಯ್ತೇ?"

"ಆ ಸಿನಿಮಾದಲ್ಲಿ ನಮ್ಮ ಉಪ್ಪ ಇದ್ದಾರೆ."

ಮಿನ್ಹಾಳ ಅಪ್ಪನನ್ನು ಹೃದ್ಯಾ ಚೆನ್ನಾಗಿ ಬಲ್ಲಳು. ಹಗಲು ಸೋಫಾಗಳಿಗೆ ಬಟ್ಟೆ ಹೊಲಿಯುತ್ತಾರೆ, ಸಂಜೆ ನಾಟಕ ಆಡುತ್ತಾರೆ.

"ನಿಜವಾಗ್ಲೂ? ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಎಲ್ಲಿ ಕಟ್ ಮಾಡಿಬಿಡ್ತಾರೋ ಅಂತ ಉಪ್ಪ ಯಾರಿಗೂ ಹೇಳೋಕೆ ಬಿಟ್ಟಿರ್ಲಿಲ್ಲ. ಇಂಟರ್‌ವಲ್ ಆದ ತಕ್ಷಣ ಬರ್ತಾರೆ. ಕುರ್ಚಿಯಿಂದ ಬೀಳ್ತಾರೆ. ಅದಕ್ಕೆ ಮನೇಲಿ ಎಷ್ಟು ಸಲ ಬಿದ್ದು ಬಿದ್ದು ಕಲ್ತಿದ್ರು ಗೊತ್ತಾ? ಉಮ್ಮ ಬೈದೂ ಬೈದೂ ಸುಸ್ತಾದ್ರು." ಮಿನ್ಹಾ ಡಬ್ಬಿಯನ್ನು ಚೀಲಕ್ಕೆ ತುರುಕಿದಳು. "ನಿನ್ನ ವಿಡಿಯೋ ಉಪ್ಪನೂ ನೋಡಿದ್ರು. ಅರ್ಧ ಊಟಕ್ಕೇ ಎದ್ರು."

ಹೃದ್ಯಾಳ ಜಂಬವೆಲ್ಲ ಜರ್ರನೆ ಇಳಿಯಿತು. ಕುರ್ಚಿ? ಯಾವ ಕುರ್ಚಿ? ಅವಳಿಗೆ ನೆನಪೇ ಇಲ್ಲ.

ಸಂಜೆ ಮನೆಯಲ್ಲಿ ಅಚ್ಚಾಚನ ಮುಂದೆ ಎಲ್ಲ ಹೇಳಿಕೊಂಡಳು.

"ನಿಂಗೆ ಹೇಗೆ ನೆನಪಿರುತ್ತೆ? ಇಂಟರ್‌ವಲ್ ಮುಗಿದ್ರೂ ನೀನು ಬಾಳೆಹಣ್ಣಿನ ಪಳಂಪೊರಿ ತಿನ್ಬೇಕು ಅಂತ ಕ್ಯೂನಲ್ಲೇ ನಿಂತಿದ್ದೆ," ಅಂದರು ಅಚ್ಚಾಚ.

ಹೃದ್ಯಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನೋಡದೇ ಇದ್ದದ್ದನ್ನೂ ಸೇರಿಸಿ ಬೈದಿದ್ದಳಲ್ಲ!

"ಅಚ್ಚಾಚ, ಇನ್ನೊಂದ್ಸಲ ಕರ್ಕೊಂಡು ಹೋಗ್ತೀರಾ? ಮಿನ್ಹಾನೂ ಬರ್ಲಿ."

"ಗುರುವಾರದೊಳಗೆ ಹೋಗ್ಬೇಕು. ಶುಕ್ರವಾರ ಅದನ್ನ ತೆಗೀತಾರಂತೆ."

ಮಿನ್ಹಾ ಸುಲಭಕ್ಕೆ ಒಪ್ಪಲಿಲ್ಲ. "ಮತ್ತೆ ಬೋರು ಅಂತ ಆಕಳಿಸೋಕಾ?" ಅಂದಳು. ಆದರೂ ಗುರುವಾರ ಸಂಜೆ ಛತ್ರಿ ಹಿಡಿದು ಬಂದಳು.

ಥಿಯೇಟರ್ ಬಿಕೋ ಅನ್ನುತ್ತಿತ್ತು. ಮೊದಲ ಅರ್ಧ ಎಳೆದಷ್ಟೂ ಎಳೆಯಿತು. ಇಂಟರ್‌ವಲ್‌ನಲ್ಲಿ ಹೃದ್ಯಾ ಸೀಟು ಬಿಟ್ಟು ಅಲ್ಲಾಡಲಿಲ್ಲ.

ಪರದೆಯ ಮೇಲೆ ಹೆಣ್ಣು ನೋಡುವ ಶಾಸ್ತ್ರ. ಮಿನ್ಹಾಳ ಉಪ್ಪ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತು ತಂದರು. ಎಲ್ಲರನ್ನೂ ಕೂರಿಸಿದರು. ಉಳಿದ ಒಂದೇ ಒಂದು ಕುರ್ಚಿಯಲ್ಲಿ ತಾವು ಕೂತರು. ಅದರ ಕಾಲು ಮಡಚಿಕೊಂಡಿತು. ಧೊಪ್!

ಮನೆಯವರೆಲ್ಲ ಅವರನ್ನು ಬೈದರು. ಅವರೋ ಸೊಂಟ ಮುಟ್ಟಿಕೊಳ್ಳಲೂ ಇಲ್ಲ. ಮೆಲ್ಲಗೆ ಎದ್ದು, ಕುರ್ಚಿಯ ಕಾಲನ್ನು ಸವರಿ, "ನೋವಾಯ್ತಾ?" ಅನ್ನುವಂತೆ ಅದನ್ನೇ ನೋಡಿದರು. ಆಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಹೃದ್ಯಾ ಕಿಸಕ್ಕನೆ ನಕ್ಕಳು. ನಗುತ್ತಲೇ ಪಾಪ ಅನ್ನಿಸಿ ಕಣ್ಣು ತುಂಬಿತು. ಪಕ್ಕಕ್ಕೆ ತಿರುಗಿದರೆ, ಮಿನ್ಹಾ ಪರದೆ ನೋಡುತ್ತಿರಲಿಲ್ಲ. ಇವಳ ಮುಖವನ್ನೇ ನೋಡುತ್ತಿದ್ದಳು.

ಸಿನಿಮಾ ಮುಗಿದು ಹೊರಗೆ ಬಂದಾಗ ಯೂಟ್ಯೂಬಿನವರು ಒಬ್ಬರೂ ಇರಲಿಲ್ಲ. ಅಚ್ಚಾಚ ಬಾಯಿ ಮುಚ್ಚಿಕೊಂಡು ಮುಂದೆ ನಡೆದರು. ಇಬ್ಬರೂ ಮಾತಿಲ್ಲದೆ ಹಿಂದೆ ಹೋದರು. ಟೀ ಅಂಗಡಿಯಲ್ಲಿ ಗ್ಲಾಸುಗಳು ಬಂದದ್ದೇ ತಡ, ಮಿನ್ಹಾ ಛತ್ರಿಯ ಹಿಡಿಯನ್ನು ಹೃದ್ಯಾಳ ಬಾಯಿಯ ಹತ್ತಿರ ತಂದಳು.

"ಹೇಗಿತ್ತು ಸಿನಿಮಾ?"

'ಸೂಪರ್' ಎಂಬ ಮಾತು ಹೃದ್ಯಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಮಿನ್ಹಾ ಆಗಲೇ ರಾಜಿಯಾಗುತ್ತಿದ್ದಳೇನೋ. ಹೃದ್ಯಾ ಒಂದು ಗುಟುಕು ಟೀ ಕುಡಿದಳು.

"ಮೊದಲ ಅರ್ಧ ಇವತ್ತೂ ಬೋರೇ."

ಛತ್ರಿ ಸ್ವಲ್ಪ ಕೆಳಗಿಳಿಯಿತು.

"ಆದ್ರೆ ಬಿದ್ದ ಮೇಲೆ ಉಪ್ಪ ಆ ಕುರ್ಚಿ ಕಾಲನ್ನ ಸವರಿದ್ರಲ್ಲ... ಅದನ್ನ ಯಾರು ಹೇಳ್ಕೊಟ್ರು?"

ಮಿನ್ಹಾಳ ಕಣ್ಣು ಅರಳಿತು. "ಯಾರೂ ಇಲ್ಲ ಕಣೇ! ಮನೇಲಿ ಉಮ್ಮನ ಕುರ್ಚಿ ಮುರಿದಾಗ ಉಪ್ಪ ಹಾಗೇ ಮಾಡಿದ್ರು. ಅದು ನಿಂಗೆ ಕಾಣಿಸ್ತಾ?"

"ಕಾಣಿಸ್ತು. ನಗೂನೂ ಬಂತು, ಅಳೂನೂ ಬಂತು."

"ಹಾಗಾದ್ರೆ ಬಂದು ಉಪ್ಪನ ಹತ್ರ ಹೇಳು." ಮಿನ್ಹಾ ಅನುಮಾನದಿಂದ ನೋಡಿದಳು. "ಬೋರು ಅನ್ನೋದನ್ನೂ ಹೇಳ್ತೀಯಾ?"

"ಹೂಂ. ಎರಡನ್ನೂ ಹೇಳ್ತೀನಿ."

ಅಚ್ಚಾಚ ಗ್ಲಾಸು ಕೆಳಗಿಟ್ಟು ಎದ್ದರು. ಮೂವರೂ ಮಿನ್ಹಾಳ ಮನೆಯ ದಾರಿ ಹಿಡಿದರು. ಏನು ಹೇಳಬೇಕೆಂದು ಹೃದ್ಯಾ ದಾರಿಯುದ್ದಕ್ಕೂ ಯೋಚಿಸುತ್ತಾ ನಡೆದಳು.