ಹನ್ನೊಂದು ಎಣಿಸುವವರೆಗೆ

ಬಟ್ಟೆ ಬಿಗಿದು, ನದಿಯ ಬಣ್ಣ ಬಳಿದು, ಒಣಗಲು ನಿಲ್ಲಿಸಿದ್ದ ನಾಟಕದ ಗೋಡೆಯನ್ನು ಸೀಳಿಕೊಂಡು ಅವನು ಹೊರಗೆ ಬಂದ. ಮೊದಲು ದೋಣಿಯ ಹುಟ್ಟು ಬಂತು. ಆಮೇಲೆ ಒಂದು ಮೊಣಕಾಲು. ಕೊನೆಗೆ ಅವನು.

ಅವಳು ಅದೇ ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಆಸರೆಯ ಕಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಳು. ತುಟಿಗಳ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿದ್ದರಿಂದ ಕೂಡಲೇ ಬೈಯಲು ಆಗಲಿಲ್ಲ. ಒಂದೊಂದನ್ನೇ ತೆಗೆದು ಅಂಗೈಗೆ ಹಾಕಿಕೊಂಡಳು. ಅಷ್ಟು ಹೊತ್ತೂ ಅವನು ಹರಿದ ನದಿಯ ನಡುವೆ, ಬೈಸಿಕೊಳ್ಳಲು ಬಂದವನಂತೆ ನಿಂತೇ ಇದ್ದ.

“ಕಣ್ಣು ಕಾಣಲ್ವಾ ನಿಮಗೆ?”

“ಇಲ್ಲ,” ಎಂದ. “ನಿಜವಾಗ್ಲೂ ಕಾಣಲ್ಲ. ಕನ್ನಡಕ ಮೇಕಪ್ ರೂಮಲ್ಲಿದೆ. ಅಂಬಿಗ ಕನ್ನಡಕ ಹಾಕಬಾರದಂತೆ.”

“ಎರಡು ದಿನದ ಕೆಲಸ ಇದು.”

“ಗೊತ್ತಾಯ್ತು. ಬಣ್ಣ ಇನ್ನೂ ಹಸಿ ಇದೆ.”

ಅವನ ಮೂಗಿನ ತುದಿಗೆ ನೀಲಿ ಹತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ, ಅವಳು ಹೇಳಲೂ ಇಲ್ಲ. ಆ ಸಂಜೆಯೆಲ್ಲ ಅವನು ಮೂಗಿನ ಮೇಲೆ ಒಂದು ತೊಟ್ಟು ನದಿ ಹೊತ್ತುಕೊಂಡೇ ಸಂಭಾಷಣೆ ಹೇಳಿದ. ಹರಿದ ಬಟ್ಟೆಗೆ ತೇಪೆ ಹಾಕುತ್ತ ಕೂತ ಅವಳು, ನಗಬಾರದೆಂದು ಮತ್ತೆ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು.

ಅದು ಕಾಲೇಜಿನ ನಾಟಕ. ಅವನು ಕೊನೆಯ ವರ್ಷದವನು. ಮುದಿ ಅಂಬಿಗನ ಪಾತ್ರ ಸಿಕ್ಕ ದಿನದಿಂದ ಎಲ್ಲರ ಬಾಯಲ್ಲೂ ಅಂಬಿಗನೇ ಆಗಿದ್ದ. ಅವಳು ಎರಡನೆಯ ವರ್ಷ. ರಂಗದ ಹಿಂದೆ ಸೆಟ್ಟು ಕಟ್ಟುವ ಕೆಲಸ. ತೆಳ್ಳಗೆ ಉದ್ದಕ್ಕೆ ಇದ್ದುದಕ್ಕೋ, ಬಾಯಲ್ಲಿ ಸದಾ ಮೊಳೆ ಇರುತ್ತಿದ್ದುದಕ್ಕೋ, ಅವಳಿಗೆ ಮೊಳೆ ಎಂದೇ ಹೆಸರು ಬಿದ್ದಿತ್ತು.

ಅವಳ ಅಪ್ಪ ಹಳ್ಳಿಯಲ್ಲಿ ಬಡಗಿ. ಮನೆಯ ಪಕ್ಕದ ಚಪ್ಪರದಡಿ ಮರದ ಹೊಟ್ಟಿನ ರಾಶಿಯಲ್ಲಿ ಕೂತು ಅವಳು ಅಕ್ಷರ ಕಲಿತದ್ದು. ಎಂಟನೆಯ ವಯಸ್ಸಿಗೆ ಕೈಗೆ ಸುತ್ತಿಗೆ ಕೊಟ್ಟ ಅಪ್ಪ ಹೇಳಿದ್ದು ಒಂದೇ ಮಾತು: “ಸಡಿಲ ಮೊಳೆ ಹೊಡೆಯೋದಕ್ಕಿಂತ ಹೊಡೆಯದೇ ಇರೋದು ವಾಸಿ ಮಗಾ. ಬಿದ್ದದ್ದು ಬಾಗಿಲಾದ್ರೂ ಕೆಟ್ಟದ್ದು ನಮ್ಮ ಹೆಸರು.”

ಗೋಡೆ ಹರಿದ ಮರುದಿನ ನಾಟಕದ ಮೇಷ್ಟ್ರು ಒಂದು ಉಪಾಯ ಮಾಡಿದರು. ಎರಡನೆಯ ಅಂಕದ ಕೊನೆಗೆ ಅಂಬಿಗ ಹುಟ್ಟು ಹೆಗಲಿಗೇರಿಸುತ್ತಾನೆ, ಲೈಟುಗಳೆಲ್ಲ ಒಮ್ಮೆಲೇ ಆರುತ್ತವೆ. ಲೈಟಿನ ಹುಡುಗ ಮನಸ್ಸಿನಲ್ಲೇ ಹನ್ನೊಂದು ಎಣಿಸಿ ಮತ್ತೆ ಬೆಳಕು ಬಿಡುತ್ತಾನೆ. ಅಷ್ಟರೊಳಗೆ ಅಂಬಿಗ ಎರಡು ಗೋಡೆಗಳ ಸಂದಿನಿಂದ ನುಸುಳಿ, ಮೂರು ಮೆಟ್ಟಿಲಿಳಿದು ಮರೆಯಾಗಿರಬೇಕು.

“ಇವನನ್ನ ಬಿಟ್ರೆ ದಿನಕ್ಕೊಂದು ಗೋಡೆ ಹೊಲಿಸ್ತಾನೆ,” ಎಂದರು ಮೇಷ್ಟ್ರು. “ಮೊಳೆ, ಕತ್ತಲಾದ ತಕ್ಷಣ ನೀನು ಹೋಗಿ ಕೈ ಹಿಡ್ಕೊಂಡು ಕರ್ಕೊಂಡ್ ಬಾ.”

ಹೀಗೆ ಶುರುವಾಯಿತು.

ಕತ್ತಲು ಬೀಳುತ್ತಿತ್ತು. ಒಂದು. ಅವಳು ಬರಿಗಾಲಲ್ಲಿ ಹೊರಡುತ್ತಿದ್ದಳು. ಎರಡು, ಮೂರು. ತಾನೇ ಕೂಡಿಸಿದ ಹಲಗೆಗಳಾದ್ದರಿಂದ ಯಾವುದು ಎಲ್ಲಿ ಕಿರುಗುಟ್ಟುತ್ತದೆಂದು ಕಾಲಿಗೇ ಗೊತ್ತಿತ್ತು. ನಾಲ್ಕಕ್ಕೆ ಅವನ ಕೈ ಸಿಗುತ್ತಿತ್ತು. ಒಂಬತ್ತಕ್ಕೆ ಕೊನೆಯ ಮೆಟ್ಟಿಲು. ಅಲ್ಲಿ ಕೈ ಬಿಡುತ್ತಿದ್ದಳು. ಇನ್ನೆರಡು ಎಣಿಕೆ ಇಬ್ಬರೂ ಉಸಿರು ಹಿಡಿದು ಪಕ್ಕಪಕ್ಕ ನಿಂತಿರುತ್ತಿದ್ದರು. ಹನ್ನೊಂದಕ್ಕೆ ಬೆಳಕು ಬಂದಾಗ ಅವಳು ಹಗ್ಗವನ್ನೋ ಹಲಗೆಯನ್ನೋ ನೋಡುತ್ತಿದ್ದಳು.

ಅವನ ಅಂಗೈ ಒರಟು. ನಾಲ್ಕನೆಯ ದಿನ ಅವಳೇ ಕೇಳಿದಳು, “ಇದೇನು ಕೈ ಹಿಂಗಿದೆ? ಪುಸ್ತಕ ಓದೋರ ಕೈಯಲ್ಲ ಇದು.”

“ಮನೇಲಿ ಹನ್ನೆರಡು ಎಮ್ಮೆ. ರಜೆಗೆ ಹೋದ್ರೆ ಹಾಲು ಕರೆಯೋದು ನಾನೇ.”

“ಎಮ್ಮೆಗಳು ಏನೂ ಅನ್ನಲ್ವಾ, ಇಷ್ಟು ಒರಟು ಕೈಗೆ?”

“ನಿಮ್ಮಷ್ಟು ಮಾತಾಡಲ್ಲ ಅವು.” ಹುಟ್ಟನ್ನು ಕೆಳಗಿಟ್ಟು, “ನಿಮ್ಮ ಕೈಯೇನು ಹತ್ತಿಯೇ? ಮೊದಲ ದಿನ ಕತ್ತಲಲ್ಲಿ ಯಾವುದೋ ಹಲಗೆಯ ತುದಿ ಹಿಡ್ಕೊಂಡೆ ಅಂದ್ಕೊಂಡಿದ್ದೆ.”

ಅವಳು ಸುತ್ತಿಗೆ ಎತ್ತಿದಳು. ಅವನು ನಗುತ್ತ ಓಡಿದ.

ಆ ರಾತ್ರಿ ಹಾಸ್ಟೆಲಿನ ನಲ್ಲಿಯ ಕೆಳಗೆ ಅವಳು ತನ್ನ ಅಂಗೈಯನ್ನು ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದಳು. ಆಮೇಲೆ ತನಗೇ ನಾಚಿಕೆಯಾಗಿ ನಲ್ಲಿ ನಿಲ್ಲಿಸಿದಳು.

ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಐದು ಎಣಿಕೆಯಷ್ಟೇ ಅವಳದ್ದು. ಉಳಿದದ್ದೆಲ್ಲ ಅದರತ್ತ ನಡೆಯುವ ದಾರಿ. ಪಾಠ ಕೇಳುತ್ತ ಡೆಸ್ಕಿನ ಕೆಳಗೆ ಬೆರಳು ಮಡಚಿ ಎಣಿಸುತ್ತಿದ್ದಳು. ಅಲ್ಲಿಂದಾಚೆಗೆ ಬೆಳಕಲ್ಲಿ ಎದುರಾದರೆ ಇಬ್ಬರೂ “ಊಟ ಆಯ್ತಾ” ಎನ್ನುವುದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ನಾಟಕ, ಒಂದೇ ಪ್ರದರ್ಶನ. ಅದು ಮುಗಿದರೆ ಅವನಿಗೆ ಪರೀಕ್ಷೆ, ಅದು ಮುಗಿದರೆ ಅವನು ಊರಿಗೆ. ಬೆಳಕಿಲ್ಲದ ಜಾಗವೊಂದು ಅವರಿಗೆ ಇನ್ನೆಲ್ಲಿ ಸಿಕ್ಕೀತು?

ನಾಟಕಕ್ಕೆ ಆರು ದಿನ ಇದೆ ಎನ್ನುವಾಗ ಮೇಷ್ಟ್ರಿಗೆ ಹೊಸ ಯೋಚನೆ ಬಂತು. ಕತ್ತಲಾಗಿ ಬೆಳಕು ಬರುವಷ್ಟರಲ್ಲಿ ದೋಣಿ ಆಚೆಯ ದಡಕ್ಕೆ ಮುಖ ಮಾಡಿರಬೇಕು. ದೋಣಿಗೆ ಚಕ್ರ ಕಟ್ಟಿದವಳು ಅವಳೇ, ತಿರುಗಿಸುವ ಹದವೂ ಅವಳಿಗೇ ಗೊತ್ತು.

“ಇವನಿಗೆ ನೆಲಕ್ಕೆ ಟೇಪು ಅಂಟಿಸಿಬಿಡು. ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಲ್ಲ, ಅದು. ಕುರುಡನಾದ್ರೂ ನಡ್ಕೊಂಡ್ ಬರ್ತಾನೆ. ನೀನು ದೋಣಿ ನೋಡ್ಕೋ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಆದರೆ ಕೆಲಸ ಕೆಲಸವೇ. ನೆಲ ಒರೆಸಿ, ಧೂಳು ಊದಿ, ಟೇಪಿನ ಏಳು ತುಂಡುಗಳನ್ನು ಅವನ ಹೆಜ್ಜೆಯ ಅಳತೆಗೆ ಸರಿಯಾಗಿ ಅಂಟಿಸಿದಳು. ಅವನ ಹೆಜ್ಜೆಯ ಅಳತೆ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೋಮವಾರ ಅವನು ಟೇಪಿನ ಮೇಲೆ ನಡೆದು ಹೋದ. ಅವಳು ದೋಣಿ ತಿರುಗಿಸಿದಳು. ದೋಣಿಯ ಅಂಚು ತಣ್ಣಗಿತ್ತು.

ಮಂಗಳವಾರ ಲೈಟು ಆರಿತು, ನೆಲದಲ್ಲಿ ಹಸಿರು ಕಾಣಲಿಲ್ಲ. “ಮೊಳೆ!” ಎಂದು ಅವನ ಪಿಸುದನಿ ಕೇಳಿತು. ದೋಣಿ ಬಿಟ್ಟು ಓಡಿದಳು. ಆ ಕೈ, ಆ ಒರಟು, ಆ ಐದು ಎಣಿಕೆ. ಬೆಳಕು ಬಂದಾಗ ದೋಣಿ ಅರ್ಧ ತಿರುಗಿ, ರಂಗದ ಬದಿಯಲ್ಲಿ ಕೂತ ಹಾಡುವವರ ಕಡೆಗೆ ಮೂತಿ ಮಾಡಿ ನಿಂತಿತ್ತು.

ಬುಧವಾರ ಹೊಸ ಟೇಪು ಅಂಟಿಸಿದಳು. ಗುರುವಾರ ಅದೂ ಇಲ್ಲ. ಅಂಬಿಗ ಉಡುಪು ಬದಲಿಸಲು ಹೋಗಿದ್ದಾಗ ಮೇಷ್ಟ್ರು ಎಲ್ಲರೆದುರು ಅವಳನ್ನು ತರಾಟೆಗೆ ತೆಗೆದುಕೊಂಡರು.

“ಒಂದು ಟೇಪು ಅಂಟಿಸೋಕೆ ಬರಲ್ವೇನಮ್ಮ? ಬಡಗಿ ಮಗಳು ಅಂತ ನಂಬಿ ಕೊಟ್ಟೆ ನಾನು. ಇನ್ನೊಂದ್ಸಲ ಹೀಗಾದ್ರೆ ಭಾನುವಾರ ನೀನು ಗೇಟಲ್ಲಿ ನಿಂತು ಟಿಕೆಟ್ ಹರಿ.”

ಬಡಗಿ ಮಗಳು ಎಂಬ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಕಿವಿ ಬಿಸಿಯಾಯಿತು. ಟೇಪು ಹೋದದ್ದಕ್ಕೆ ಎರಡು ದಿನ ಒಳಗೊಳಗೇ ಸಂತೋಷಪಟ್ಟಿದ್ದಳಲ್ಲ, ಅದಕ್ಕೆ ಈ ಶಿಕ್ಷೆ ಎನಿಸಿತು. ಶನಿವಾರದ ತಾಲೀಮು ಮುಗಿದ ಮೇಲೆ ಒಬ್ಬಳೇ ಕೂತು ಮೂರನೆಯ ಬಾರಿ ಟೇಪು ಅಂಟಿಸಿದಳು. ಈ ಸಲ ಪ್ರತಿ ತುಂಡಿನ ನಾಲ್ಕು ಮೂಲೆಗೂ ಸಣ್ಣ ಮೊಳೆ ಬಡಿದಳು, ತಲೆ ನೆಲಕ್ಕೆ ಸಮನಾಗುವಂತೆ. ಟೇಪಿಗೆ ಮೊಳೆ ಹೊಡೆದವರನ್ನು ಲೋಕದಲ್ಲಿ ಯಾರೂ ಕಂಡಿರಲಾರರು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಂದು ಮೊದಲು ಅದನ್ನೇ ನೋಡಿದಳು. ಏಳೂ ಇದ್ದವು. ಆದರೆ ಮೊದಲನೆಯದರ ಒಂದು ಮೂಲೆ ಹರಿದಿತ್ತು. ಮೊಳೆ ಬಿಟ್ಟುಕೊಟ್ಟಿರಲಿಲ್ಲ. ಅದರ ಪಕ್ಕದಲ್ಲಿ ಕೆಂಪಗೆ ಒಂದು ಚುಕ್ಕೆ. ಬೆರಳಿಂದ ಮುಟ್ಟಿ ನೋಡಿದಳು. ಬಣ್ಣವಲ್ಲ.

ಮೇಕಪ್ ರೂಮಿನಲ್ಲಿ ಬಣ್ಣ ಹಚ್ಚುವ ಅಕ್ಕ ಅಂಬಿಗನ ಕೈ ಹಿಡಿದು ಗೊಣಗುತ್ತಿದ್ದಳು. “ಮುಖಕ್ಕೆ ಸುಕ್ಕು ಬರೀಲೋ, ನಿನ್ನ ಹೆಬ್ಬೆರಳಿಗೆ ಬಟ್ಟೆ ಸುತ್ತಲೋ? ಎಲ್ಲಿ ಹೋಗಿ ಚುಚ್ಚಿಸ್ಕೊಂಡೆಯೋ?”

“ಬಾಗಿಲು ತಾಗಿತು ಅಕ್ಕಾ,” ಎಂದವನು ಬಾಗಿಲಲ್ಲಿ ನಿಂತವಳನ್ನು ಕಂಡು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇಲ್ಲಿ ಇನ್ನೂ ಯಾರೂ ಕಳ್ಳ ಎಂದೇ ಇರಲಿಲ್ಲ.

“ತೋರ್ಸು,” ಎಂದಳು. ನೀವು ಎನ್ನುವುದು ಎಲ್ಲೋ ಬಿದ್ದುಹೋಗಿತ್ತು.

ಅಕ್ಕ ಇಬ್ಬರ ಮುಖವನ್ನೂ ನೋಡಿ, “ನೀರು ತರ್ತೀನಿ,” ಎಂದು, ನೀರು ತುಂಬಿದ ಚೊಂಬನ್ನೇ ಎತ್ತಿಕೊಂಡು ಹೊರಗೆ ಹೋದಳು.

ಹೆಬ್ಬೆರಳ ಉಗುರು ಸೀಳಿತ್ತು. ಉಗುರಿನ ಸಂದಿಯಲ್ಲಿ ಹಸಿರು ಟೇಪಿನ ಚೂರು.

“ಮೂರು ಸಲವೂ ನೀನೇನಾ?”

“ಎರಡು ಸಲ ಬಂತು. ಮೂರನೇದು ಬರಲಿಲ್ಲ.”

“ನನ್ನ ಕೆಲಸ ಅದು. ಎಲ್ಲರೆದುರು ಬೈಸ್ಕೊಂಡೆ. ನನಗೆ ಟೇಪು ಅಂಟಿಸೋಕೂ ಬರಲ್ಲ ಅಂದ್ರು, ಅಪ್ಪನ ಹೆಸರು ಎತ್ತಿದ್ರು. ಗೊತ್ತಾ ನಿನಗೆ?”

ಅವನ ಮುಖದ ಸುಕ್ಕುಗಳನ್ನು ಅಕ್ಕ ಅರ್ಧ ಬರೆದು ಬಿಟ್ಟಿದ್ದಳು. ಒಂದು ಕೆನ್ನೆ ಮುದುಕನದು, ಇನ್ನೊಂದು ಅವನದೇ. ಆ ಕೆನ್ನೆ ಬಿಳಿಚಿಕೊಂಡಿತು. “ಗೊತ್ತಿರಲಿಲ್ಲ. ಆಣೆಗೂ ಗೊತ್ತಿರಲಿಲ್ಲ.”

“ಕೈ ಬೇಕಿದ್ರೆ ಕೇಳಬೇಕು. ಕದೀಬಾರದು.”

“ಕೇಳಿದ್ರೆ ಕೊಡ್ತಿದ್ಯಾ? ಬೆಳಕಲ್ಲಿ ನೀನು ಮುಖ ಎತ್ತಿ ನೋಡಿದ್ದೇ ಇಲ್ಲ ನನ್ನ. ಹಗ್ಗ ನೋಡ್ತೀಯ, ಹಲಗೆ ನೋಡ್ತೀಯ. ನನಗೆ ನೀನು ಸಿಗೋದು ಲೈಟು ಆರಿದಾಗ ಮಾತ್ರ.”

ಅವಳು ಆಗಲೂ ಬಾಗಿಲ ಹಲಗೆಯನ್ನೇ ನೋಡಿದಳು.

ಅವನೇ ಎದ್ದ. ಅರ್ಧ ಮುದುಕನ ಮುಖದಲ್ಲೇ ಸೀದಾ ಮೇಷ್ಟ್ರ ಹತ್ತಿರ ಹೋದ. ಪರದೆಯ ಈಚೆ ನಿಂತವಳಿಗೆ ಎಲ್ಲ ಕೇಳಿಸಿತು.

“ಸರ್, ಟೇಪು ಕಿತ್ತದ್ದು ನಾನು. ಅವಳ ತಪ್ಪಿಲ್ಲ.”

“ಯಾಕೋ?”

“ಅದು... ಹೊಳೆಯೋದು ಕಣ್ಣಿಗೆ ಚುಚ್ಚುತ್ತಿತ್ತು ಸರ್.”

“ಕನ್ನಡಕ ಇಲ್ದಿದ್ರೆ ನಿನಗೆ ಎದುರಿಗೆ ಆನೆ ಬಂದ್ರೂ ಕಾಣಲ್ಲ, ಟೇಪು ಚುಚ್ಚುತ್ತಂತೆ!” ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಸ್ವಲ್ಪ ಹೊತ್ತು ಅವನ ಹೆಬ್ಬೆರಳನ್ನೇ ನೋಡಿ, ಪರದೆ ಸರಿಸಿ ಅವಳ ಬಳಿ ಬಂದರು. “ತಪ್ಪಾಯ್ತಮ್ಮ. ನಿನ್ನ ಕೆಲಸ ಗಟ್ಟಿಯೇ ಇತ್ತು. ಆದ್ರೂ ಟೇಪಿಗೆ ಮೊಳೆ ಹೊಡೆದಿದ್ದೀಯಲ್ಲ ಮಾರಾಯ್ತಿ!”

ನಾಟಕಕ್ಕೆ ಇನ್ನೂ ನಾಲ್ಕು ಗಂಟೆಯಿತ್ತು. ಅವಳು ಹಾಸ್ಟೆಲಿಗೆ ಓಡಿ ಹೊಸ ಬಟ್ಟೆಸೋಪಿನ ಬಿಲ್ಲೆ ತಂದಳು. ದೋಣಿಯನ್ನು ಮಗ್ಗುಲಾಗಿಸಿ, ನಾಲ್ಕೂ ಚಕ್ರದ ಅಚ್ಚಿಗೆ ಸೋಪು ಉಜ್ಜಿದಳು. ಅಪ್ಪ ಬಿಗಿಯಾದ ಬಾಗಿಲಿಗೆ ಉಜ್ಜುತ್ತಿದ್ದಂತೆ, ನಿಧಾನವಾಗಿ, ಮರ ಕುಡಿಯುವಷ್ಟು. ತಿರುಗಿಸಿ ನೋಡಿದಳು. ಒಂಬತ್ತು ಎಣಿಕೆ. ಇನ್ನಷ್ಟು ಉಜ್ಜಿದಳು. ಏಳು. ಹಿಂದಿನ ಚಕ್ರ ಬಿಚ್ಚಿ, ಅಚ್ಚು ಕೀಸಿ, ಮತ್ತೆ ಕೂಡಿಸಿದಳು. ಊಟಕ್ಕೆ ಕರೆದವರಿಗೆ ತಲೆ ಎತ್ತಲಿಲ್ಲ. ಎರಡೂವರೆಗೆ ದೋಣಿ ನಾಲ್ಕು ಎಣಿಸುವುದರಲ್ಲಿ, ಮಲಗಿದ ಮಗು ಮಗ್ಗುಲು ಬದಲಿಸಿದಂತೆ ಸದ್ದಿಲ್ಲದೆ ತಿರುಗಿತು.

ಟೇಪು ಮುಟ್ಟಲಿಲ್ಲ. ಅದು ಅಲ್ಲೇ ಹೊಳೆಯಲಿ.

ಸಭಾಂಗಣ ತುಂಬಿತ್ತು. ಎರಡನೆಯ ಅಂಕದ ಕೊನೆಗೆ ಅಂಬಿಗ ಹುಟ್ಟು ಹೆಗಲಿಗೇರಿಸಿ, ಈ ದಡಕ್ಕೆ ನನ್ನದೇನೂ ಬಾಕಿಯಿಲ್ಲ ಎಂದ. ಲೈಟು ಆರಿತು.

ಒಂದು. ದೋಣಿಗೆ ಭುಜ ಕೊಟ್ಟಳು. ಎರಡು, ಮೂರು, ನಾಲ್ಕು. ಮೂತಿ ಆಚೆಯ ದಡಕ್ಕೆ ಸರಿಯಾಗಿ ನಿಂತಿತು. ಐದು. ಕಿರುಗುಟ್ಟುವ ಹಲಗೆ ದಾಟಿದಳು. ಆರು.

ಏಳು ಹಸಿರು ಗೆರೆಗಳು ನೆಲದಲ್ಲಿ ಬೆಳಗುತ್ತಿದ್ದವು. ಮೊದಲನೆಯದರ ಮೇಲೆ ಅವನ ಪಾದದ ನೆರಳು. ಅವನು ಅಲುಗಿರಲಿಲ್ಲ.

ಏಳಕ್ಕೆ ಕೈ ಸಿಕ್ಕಿತು. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಮೊದಲು ತಾಗಿತು. ಒಂಬತ್ತಕ್ಕೆ ಸಂದು, ಹತ್ತಕ್ಕೆ ಮೆಟ್ಟಿಲು. ಮೂರನ್ನೂ ಹಾರಿಯೇ ಇಳಿದರು. ಹನ್ನೊಂದು. ಬೆಳಕು ಬಂತು. ದೋಣಿ ಆಚೆಯ ದಡ ನೋಡುತ್ತಿತ್ತು. ಜನ ಚಪ್ಪಾಳೆ ತಟ್ಟಿದರು.

ಅವಳು ಹಗ್ಗ ನೋಡಲಿಲ್ಲ, ಹಲಗೆಯನ್ನೂ ನೋಡಲಿಲ್ಲ.

“ಏಳರವರೆಗೆ ಕಾಯೋಣ ಅಂದ್ಕೊಂಡಿದ್ದೆ,” ಎಂದು ಅವನು ಪಿಸುಗುಟ್ಟಿದ. “ಬರದಿದ್ರೆ ಟೇಪು ನೋಡ್ಕೊಂಡು ಓಡಿ ಬರ್ತಿದ್ದೆ.”

“ಹೋಗು, ಮೂರನೇ ಅಂಕ ಇದೆ,” ಎಂದಳು. ಕಣ್ಣು ತುಂಬಿದ್ದು ಮಾತಿಗೆ ತಿಳಿಯದಂತೆ.

ನಾಟಕ ಮುಗಿದು, ಜನ ಕರಗಿ, ಗಡ್ಡ ಕಿತ್ತು, ಕನ್ನಡಕ ಹಾಕಿಕೊಂಡು ಅವನು ಬರುವಾಗ ಐದೂವರೆ. ಹಿಂಬಾಗಿಲ ಹೊರಗೆ ಸೈಕಲ್ ಸ್ಟ್ಯಾಂಡು, ಅದರಾಚೆ ಅಂಗಳದ ತುಂಬ ಇಳಿಬಿಸಿಲು. ಸೆಟ್ಟಿನ ಕಟ್ಟಿಗೆ ಹೊರುವವರು, ಮನೆಗೆ ಹೊರಟವರು, ಚಹಾ ಕುಡಿಯುತ್ತ ನಿಂತ ಮೇಷ್ಟ್ರು, ಬಣ್ಣದ ಅಕ್ಕ, ಎಲ್ಲರೂ ಇದ್ದರು. ಅವನು ಹೊಸ್ತಿಲಲ್ಲಿ ನಿಂತು ಗಾಯದ ಕೈ ಚಾಚಿದ.

“ಕೇಳ್ತಿದ್ದೀನಿ,” ಎಂದ. “ಕನ್ನಡಕ ಇದೆ, ದಾರಿ ಕಾಣುತ್ತೆ. ಆದ್ರೂ ಕೇಳ್ತಿದ್ದೀನಿ.”

ಅವಳು ಅವನ ಮುಖ ನೋಡಿದಳು. ಕಿವಿಯ ಹಿಂದೆ ಸುಕ್ಕಿನ ಬಣ್ಣ ಸ್ವಲ್ಪ ಉಳಿದಿತ್ತು. ವಯಸ್ಸಾದ ಮೇಲೆ ಹೀಗೆಯೇ ಕಾಣುತ್ತಾನೇನೋ. ಕೈ ಇಟ್ಟಳು.

ಇಬ್ಬರೂ ಬಿಸಿಲಿಗಿಳಿದರು. ಒಂದಿಬ್ಬರು ತಿರುಗಿ ನೋಡಿದರು. ಅಕ್ಕ ಚಹಾ ಲೋಟದಲ್ಲಿ ನಗು ಮುಚ್ಚಿಕೊಂಡಳು. ಕೈ ಕೊಟ್ಟವಳ ಕಿವಿಗಳು ಬಿಸಿಯಾದವು, ಕೈ ಮಾತ್ರ ಇದ್ದಲ್ಲೇ ಇತ್ತು. ಅಭ್ಯಾಸಬಲ, ಮನಸ್ಸು ಎಣಿಸುತ್ತಲೇ ಇತ್ತು. ಸೈಕಲ್ ಸ್ಟ್ಯಾಂಡು ದಾಟುವಾಗ ಒಂಬತ್ತು. ಗೇಟಿನ ಹತ್ತಿರ ಹತ್ತು.

“ಹನ್ನೊಂದಾಯ್ತು,” ಎಂದ ಅವನು. ಅವನೂ ಎಣಿಸುತ್ತಿದ್ದ.

ಅವಳು ಬೆರಳುಗಳನ್ನು ಇನ್ನಷ್ಟು ಬಿಗಿದಳು.

“ಹನ್ನೆರಡು,” ಎಂದಳು.